ಪಾವಗಡಕ್ಕೆ ಹೊರಟ ಪುಟ್ಟಿಗೆ, ನೀರಿನ ವಿಷಯ

ಚಿ|| ಸೌ|| ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನಗೆ ಪಾವಗಡ ತಾಲ್ಲೂಕಿನ ಶಾಲೆ ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಅಳೋದೊಂದು ಬಾಕಿ. ಬಿಸಿಲೂರಂತೆ, ಆಂಧ್ರದ ಗಡಿಯಂತೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಹೇಗಿರ್ತಾಳೋ ಅಂತ. ಬಿಸಿಲೇನು, ಒಂದು ಬೇಸಿಗೆ ಕಳೆದರೆ ಅಭ್ಯಾಸ ಆಗುತ್ತೆ. ಜನ ಒಳ್ಳೆಯವರು, ಅರ್ಧ ತೆಲುಗು ಅರ್ಧ ಕನ್ನಡ, ಮಾತಿಗೆ ಕೂತರೆ ಎದ್ದು ಬರೋಕೆ ಬಿಡಲ್ಲ. ನೀನು ವಿಚಾರಿಸಬೇಕಾದ್ದು ಒಂದೇ, ಮನೆಗೆ ಯಾವ ನೀರು ಬರುತ್ತೆ ಅನ್ನೋದು. ಆ ಕಡೆ ನರ್ಸಮ್ಮನಾಗಿ ಮನೆಮನೆ ಸುತ್ತಿದವಳು ನಾನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಲ್ಲಿ ನೆಲದಡಿ ಇರುವುದು ಗ್ರಾನೈಟಿನಂಥ ಗಟ್ಟಿ ಬಂಡೆ. ಆ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಡಿಮೆ. ಇಂಗಿದ ಸ್ವಲ್ಪ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತೆ. ಹಿಂದೆ ಜನ ಕೆರೆ, ತೆರೆದ ಬಾವಿಯ ನೀರು ಕುಡಿಯುತ್ತಿದ್ದರು. ಬಾವಿ ಬತ್ತಿದವು, ಬೋರು ಬಂತು, ಬೋರು ವರ್ಷವರ್ಷ ಆಳಕ್ಕೆ ಹೋಯಿತು. ಆಳದ ಹಳೇ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಜಾಸ್ತಿ. ನೋಡಿದರೆ ತಿಳಿ ನೀರು. ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಪರವಾಗಿಲ್ಲ. ಬೇರೆ ನೀರೇ ಇಲ್ಲ ಅನ್ನುವಾಗ 1.5ರ ತನಕ. ಬಿಸಿಲೂರಿನಲ್ಲಿ ಕುಡಿಯುವ ನೀರೂ ಜಾಸ್ತಿ ಅನ್ನೋದನ್ನ ಮರೀಬೇಡ. ಹೊಲದಲ್ಲಿ ದುಡಿಯುವವನು ದಿನಕ್ಕೆ ನಾಲ್ಕು ಲೀಟರ್ ಕುಡಿದರೆ, ನೀರಿನಲ್ಲಿ 2 ಮಿಲಿಗ್ರಾಂ ಇದ್ದರೂ ಮೈಗೆ 8 ಸೇರಿತು.

ಫ್ಲೋರೈಡ್ ಹೀಗೆ ಜಾಸ್ತಿ ಸೇರುತ್ತಾ ಹೋದರೆ ಹಲ್ಲು, ಮೂಳೆ ಕೆಡುತ್ತೆ. ಇದು ಇವತ್ತಿನ ಕಾಯಿಲೆ ಅಲ್ಲ. ನೆಲ್ಲೂರಿನ ಕಡೆ ರೈತರು ಮೊದಲು ಕಂಡದ್ದು ಎತ್ತುಗಳಲ್ಲಿ. ಉಳುವ ಎತ್ತು ಕೀಲು ಹಿಡಿದು ಹೆಜ್ಜೆ ಎತ್ತಲಾರದೆ ನಿಲ್ಲುತ್ತಿತ್ತಂತೆ. ಆಮೇಲೆ ಮನುಷ್ಯರಲ್ಲೂ ಕಂಡು, 1937ರಲ್ಲಿ ವೈದ್ಯರು ಅದನ್ನು ಫ್ಲೋರೋಸಿಸ್ ಅಂತ ಗುರುತಿಸಿ ಬರೆದರು. ಕೇಂದ್ರ ಸರ್ಕಾರ ಇದಕ್ಕೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು 2008-09ರಲ್ಲಿ. ಲೆಕ್ಕ ನೀನೇ ಹಾಕು, ಮೇಷ್ಟ್ರಲ್ವಾ.

ಶಾಲೆಗೆ ಹೋದ ಮೊದಲ ದಿನವೇ ನಿನ್ನ ಕಣ್ಣಿಗೆ ಬೀಳುವುದು ಮಕ್ಕಳ ಹಲ್ಲು. ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ಅಥವಾ ಹಲ್ಲಿಗೆ ಅಡ್ಡಡ್ಡ ಕಂದು ಗೆರೆ. ಎಡಗಡೆಯ ಹಲ್ಲಿಗೆ ಇದ್ದದ್ದು ಜೊತೆಯ ಬಲಗಡೆಯ ಹಲ್ಲಿಗೂ ಇರುತ್ತೆ. ಎಷ್ಟು ಉಜ್ಜಿದರೂ ಹೋಗಲ್ಲ, ಯಾಕಂದರೆ ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲು ಒಸಡಿನ ಒಳಗೆ ತಯಾರಾಗುವಾಗಲೇ ಆದ ಕಲೆ. ಹಾಗಾಗಿ ಯಾವ ಮಗುವಿಗೂ "ಹಲ್ಲುಜ್ಜಲ್ವೇನೋ ಗಲೀಜು" ಅನ್ನಬೇಡ. ಹೊರಗಿನಿಂದ ಬಂದ ಮೇಷ್ಟ್ರುಗಳು ಹಾಗೆ ಬೈಯುವುದನ್ನು ನಾನು ಕೇಳಿದ್ದೇನೆ, ಮೈ ಉರಿಯುತ್ತಿತ್ತು. ಆ ಹೆಣ್ಣುಮಕ್ಕಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಬಾಯಿಗೆ ಸೆರಗೋ ಕೈಯೋ ಅಡ್ಡ ಇಟ್ಟುಕೊಂಡೇ ನಗುವುದನ್ನು ಕಲಿತುಬಿಟ್ಟಿರುತ್ತಾರೆ.

ದೊಡ್ಡವರಲ್ಲಿ ಅದು ಮೂಳೆಗೆ ಇಳಿಯುತ್ತೆ. ಮೊದಮೊದಲು ಸೊಂಟ, ಕತ್ತು, ಮಂಡಿ ನೋವು. ಎಲ್ಲರೂ ವಯಸ್ಸಾಯ್ತು, ವಾಯು ಅಂತಾರೆ. ಬರ್ತಾ ಬರ್ತಾ ಮೂಳೆ ದಪ್ಪವಾಗಿ, ಕೀಲಿನ ಸುತ್ತಲಿನ ಕಟ್ಟುಗಳೂ ಗಟ್ಟಿಯಾಗುತ್ತವೆ. ಒಬ್ಬ ಅಜ್ಜ ನನಗೆ ಚೆನ್ನಾಗಿ ನೆನಪಿದ್ದಾರೆ. ಹಿಂದಿನಿಂದ ಕರೆದರೆ ಕತ್ತು ತಿರುಗಿಸಲು ಬರುತ್ತಿರಲಿಲ್ಲ, ಕಾಲಿನಿಂದ ಹಿಡಿದು ಇಡೀ ಮೈಯನ್ನೇ ತಿರುಗಿಸಿಕೊಂಡು ನೋಡುತ್ತಿದ್ದರು. ಇದನ್ನು ಬೇಗ ಅನುಮಾನಿಸಲು ಯಾವ ಮೆಷಿನ್ನೂ ಬೇಡ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಿ ಅನ್ನು. ಗಲ್ಲವನ್ನು ಎದೆಗೆ ತಾಗಿಸಿ ಅನ್ನು. ಎರಡೂ ಕೈ ಅಗಲಿಸಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ ಅನ್ನು. ಆಗದೆ ಒದ್ದಾಡಿದರೆ ಎಕ್ಸ್‌ರೇ, ಮೂತ್ರ ಪರೀಕ್ಷೆ ಆಗಲಿ ಅಂತ ಆಸ್ಪತ್ರೆಗೆ ಕಳಿಸು. ಬೇರೆ ಕಾರಣಕ್ಕೂ ಕೀಲು ಹಿಡಿಯಬಹುದು, ಡಾಕ್ಟರ್ ನೋಡಿ ಹೇಳಲಿ. ಗಟ್ಟಿಯಾದ ಮೂಳೆಯನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ. ಇರುವ ಮದ್ದು ಅಂದರೆ ನೀರು ಬದಲಾಯಿಸುವುದು.

ಈಗ ನಿನ್ನ ಮನೆ ವಿಷಯಕ್ಕೆ ಬರ್ತೀನಿ. ಮನೆ ಹಿಡಿಯುವ ಮುಂಚೆಯೇ ಅಲ್ಲಿನ ನೀರನ್ನು ಪರೀಕ್ಷೆಗೆ ಕೊಡು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯವರ ಲ್ಯಾಬ್ ಇರುತ್ತೆ. ಪಂಚಾಯ್ತಿಯಲ್ಲಿ ಕಿಟ್ ಇದ್ದರೂ ಕೇಳು. ನೀರಿಗೆ ಹನಿ ಹಾಕಿ, ಬಂದ ಬಣ್ಣವನ್ನು ಅದರ ಪಟ್ಟಿಯ ಜೊತೆ ಹೋಲಿಸಿ ನೋಡುವುದು, ಅಷ್ಟೇ. ಲ್ಯಾಬಿಗೆ ಕಳಿಸುವುದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲೇ ಕಳಿಸು, ಗಾಜಿನದ್ದು ಬೇಡ, ಫ್ಲೋರೈಡ್ ಗಾಜಿಗೆ ಅಂಟಿ ಲೆಕ್ಕ ತಪ್ಪುತ್ತೆ. ಟಿಡಿಎಸ್ ಮೀಟರ್ ಅದ್ದಿ "ನೀರು ಸೂಪರ್ ಮೇಡಂ" ಅನ್ನುವವರು ಬರುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಹೇಳುತ್ತೆ, ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ.

ನೀನು ಕುದಿಸಿ ಆರಿಸಿ ಕುಡಿಯುವವಳು, ಗೊತ್ತು ನನಗೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ, ತಾಮ್ರದ ಬಿಂದಿಗೆಯಲ್ಲಿಟ್ಟರೂ ಹೋಗಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿಯುವ ಕ್ಯಾನ್ ನೀರು ಆರ್‌ಒ ನೀರು. ಯಂತ್ರದೊಳಗೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಸರಿಯಿದ್ದರೆ ಅದು ಫ್ಲೋರೈಡ್ ತೆಗೆಯುತ್ತೆ. ಕೊನೆಯ ಸಲ ಯಾವಾಗ ಬದಲಾಯಿಸಿದಿರಿ ಅಂತ ಕೇಳು, ಸಂಕೋಚ ಬೇಡ. ವರ್ಷಕ್ಕೆ ಎರಡು ಸಲವಾದರೂ ಆ ನೀರನ್ನೂ ಪರೀಕ್ಷೆ ಮಾಡಿಸು. ತುಂಗಭದ್ರೆಯ ನೀರು ಪೈಪಿನಲ್ಲಿ ನಿಮ್ಮೂರಿಗೆ ಬರುತ್ತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಟ್ಯಾಂಕಿಗೆ ಬೋರಿನ ನೀರೂ ಬೆರೆಸುತ್ತಾರಾ ಅಂತ ವಾಟರ್‌ಮ್ಯಾನ್ ಹತ್ತಿರ ಮೆಲ್ಲಗೆ ವಿಚಾರಿಸು. ತಾರಸಿ ಇದ್ದರೆ ಮಳೆ ನೀರು ಹಿಡಿ, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಒಳ್ಳೆಯ ನೀರು ಕುಡಿಯುವುದಕ್ಕೆ ಮಾತ್ರ ಸಾಲದು, ಅಡಿಗೆಗೂ ಅದೇ ಬೇಕು. ಅನ್ನ, ಮುದ್ದೆ, ಬೇಳೆ ಎಲ್ಲ ನೀರು ಕುಡಿದೇ ಬೇಯುವುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕುಡಿಯೋಕೆ ಕ್ಯಾನು, ಎಸರಿಗೆ ಬೋರು. ಸ್ನಾನ, ಬಟ್ಟೆ, ಪಾತ್ರೆಗೆ ಬೋರಿನ ನೀರೇ ಸಾಕು, ಚರ್ಮದಿಂದ ಒಳಗೆ ಹೋಗುವ ವಸ್ತು ಇದಲ್ಲ. ಸುಮ್ನೆ ದುಡ್ಡು ಸುರಿಯಬೇಡ.

ಸಣ್ಣದಕ್ಕೆ ಎದೆಹಾಲು ಬಿಡಿಸಬೇಡ. ತಾಯಿ ಕುಡಿದ ಫ್ಲೋರೈಡ್ ಎದೆಹಾಲಿಗೆ ತೀರಾ ಕಡಿಮೆ ಹೋಗುತ್ತೆ. ಡಬ್ಬದ ಹಾಲಿನ ಪುಡಿಯನ್ನು ಬೋರಿನ ನೀರಲ್ಲಿ ಕಲಸಿ ಕೊಟ್ಟರೆ ಆ ಪುಟ್ಟ ಮೈಗೆ ನೇರವಾಗಿ ಕೊಟ್ಟ ಹಾಗೆ. ದೊಡ್ಡವಳಿಗಿನ್ನೂ ನಾಲ್ಕು. ಮುಂದೆ ಹುಟ್ಟುವ ಗಟ್ಟಿ ಹಲ್ಲುಗಳು ಎಂಟು ವರ್ಷದ ತನಕ ಒಳಗೇ ತಯಾರಾಗುತ್ತಿರುತ್ತವೆ, ಅಲ್ಲಿಯ ತನಕ ಬಿಗಿ ಇರು. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ನುಂಗಲು ಬಿಡಬೇಡ.

ಊಟದ ವಿಷಯಕ್ಕೂ ಇದಕ್ಕೂ ನಂಟಿದೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹಾಕುತ್ತೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಲೆಕ್ಕಕ್ಕೆ ಏನೂ ಇಲ್ಲ. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ಎಳ್ಳು, ಜೊತೆಗೆ ನೆಲ್ಲಿಕಾಯಿ, ನಿಂಬೆಹಣ್ಣು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶಾಲೆಯ ಹುಡುಗರಿಗೆ ಹುಣಸೆಹಣ್ಣು ಕೊಟ್ಟು ನೋಡಿ, ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಗೆ ಹೋದದ್ದನ್ನು ಕಂಡಿದ್ದಾರೆ. ನಮ್ಮ ಹುಳಿಸಾರಿಗೆ ಅಷ್ಟಾದರೂ ಗೌರವ ಸಿಕ್ಕಿತಲ್ಲ! ಟೀ ಕಡಿಮೆ ಮಾಡು, ಅದರ ಎಲೆಯಲ್ಲೇ ಫ್ಲೋರೈಡ್ ಇದೆ, ನಿನ್ನ ಯಜಮಾನರಿಗೂ ಹೇಳು. ಆದರೆ ಹುಳಿ, ಮುದ್ದೆ ತಿಂತೀನಿ ಅಂತ ಬೋರಿನ ನೀರು ಕುಡಿಯಬೇಡ. ನೀರು ಸರಿಯಿಲ್ಲದೆ ಊಟ ಒಂದೇ ಕಾಪಾಡಲ್ಲ.

ಒಂದೇ ಬೋರಿನ ನೀರು ಕುಡಿದ ಎರಡು ಮನೆಗಳಲ್ಲಿ ಒಂದು ಮನೆಯವರ ಬೆನ್ನು ಬಾಗಿದ್ದನ್ನೂ ಇನ್ನೊಂದು ಮನೆಯವರು ಅಷ್ಟಾಗಿ ನರಳದಿದ್ದದ್ದನ್ನೂ ನಾನು ನೋಡಿದ್ದೇನೆ. ಎರಡನೆಯ ಮನೆಯಲ್ಲಿ ಎಮ್ಮೆ ಇತ್ತು, ಹಿತ್ತಲಲ್ಲಿ ನುಗ್ಗೆಮರ ಇತ್ತು. ಮೊದಲನೆಯದರಲ್ಲಿ ರೇಷನ್ ಅಕ್ಕಿ, ತಿಳಿಸಾರು, ಬರಿ ಟೀ, ದಿನಪೂರ್ತಿ ಬಿಸಿಲಿನ ಕೂಲಿ. ಅಂಥವರ ಮುಂದೆ ನಿಂತು "ಹಾಲು ಕುಡಿಯಿರಿ, ಕ್ಯಾನ್ ನೀರು ತನ್ನಿ" ಅಂತ ಭಾಷಣ ಮಾಡೋದು ಸುಲಭ. ಕೂಲಿ ಬಿಟ್ಟು ಕ್ಯಾನಿಗೆ ಸಾಲು ನಿಲ್ಲೋರು ಯಾರು? ಅದಕ್ಕೇ ನಿನ್ನ ಕೈಯಲ್ಲಾಗುವ ಕೆಲಸ ಶಾಲೆಯಲ್ಲಿದೆ. ಬಿಸಿಯೂಟ ಯಾವ ನೀರಿನಲ್ಲಿ ಬೇಯುತ್ತೆ, ಮಕ್ಕಳು ಕುಡಿಯುವ ನಲ್ಲಿಗೆ ಎಲ್ಲಿಂದ ಬರುತ್ತೆ ಅಂತ ನೋಡು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನೀರಿನ ರಿಪೋರ್ಟ್ ಇಟ್ಟು ಮಾತಾಡು, ಪಂಚಾಯ್ತಿಗೆ ಬರವಣಿಗೆಯಲ್ಲಿ ಕೊಡು, ಸೀಲು ಹಾಕಿಸಿದ ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಮಧ್ಯಾಹ್ನದ ಊಟ, ನೀರು ಎರಡೂ ಶಾಲೆಯಲ್ಲೇ ಆಗುವ ಮಕ್ಕಳಿಗೆ ಅದು ಸಣ್ಣ ವಿಷಯ ಅಲ್ಲ.

ನೀರಿನ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು, ಅಲ್ಲಿಯ ತನಕ ಮನೆಗೆ ಅಡ್ವಾನ್ಸ್ ಕೊಡಬೇಡ. ರಾಗಿ ಹಿಟ್ಟು ಮಾಡಿಸಿಟ್ಟಿದ್ದೇನೆ, ಮುಂದಿನ ವಾರ ನಿಮ್ಮ ದೊಡ್ಡಪ್ಪ ಬಸ್ಸಿಗೆ ಹಾಕ್ತಾರೆ. ಡಬ್ಬ ತೊಳೆದು ವಾಪಸ್ ಕಳಿಸು, ಹೋದ ಸಲದ್ದೇ ಇನ್ನೂ ಬಂದಿಲ್ಲ.

ಇತಿ ನಿನ್ನ
ದೊಡ್ಡಮ್ಮ