ನೆಲಮಾಳಿಗೆ ಸೋರಿಕೆ: ಗುತ್ತಿಗೆದಾರರ ಆಯ್ಕೆ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ. ನೆಲಮಾಳಿಗೆಯ ವಾಟರ್‌ಪ್ರೂಫಿಂಗ್ ಹಾಗೂ ಚರಂಡಿ ಕೆಲಸಕ್ಕೆ ಬಂದಿರುವ ಕೊಟೇಷನ್‌ಗಳನ್ನು ಭಾನುವಾರದ ಸಭೆಯಲ್ಲಿ ಪರಿಶೀಲಿಸಲಿದ್ದು, ಅದಕ್ಕೂ ಮೊದಲು ಕೆಲವು ವಿಷಯಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ.

ಅತಿ ಕಡಿಮೆ ದರದ ಕೊಟೇಷನ್‌ನಲ್ಲಿ ಒಳಗೋಡೆಗೆ ಎರಡು ಕೋಟ್ ಬಳಿಯುವುದಷ್ಟೇ ಇದೆ. ಮಣ್ಣಿನಲ್ಲಿ ನಿಂತ ನೀರು ಹೊರಗಿನಿಂದ ಒತ್ತುತ್ತಿರುವಾಗ ಒಳಗೆ ಬಳಿದ ಸಾಮಾನ್ಯ ಲೇಪನ ನಿಲ್ಲುವುದಿಲ್ಲ. ಲಿಫ್ಟ್ ಪಕ್ಕದ ಗೋಡೆಯಲ್ಲಿ ಬಿಳಿಯ ಉಪ್ಪು ಮೂಡಿ, ಬಣ್ಣ ಹಪ್ಪಳದಂತೆ ಉಬ್ಬಿರುವುದನ್ನು ತಾವೇ ನೋಡಬಹುದು. ಗೋಡೆಯೂ ನೆಲವೂ ಸೇರುವ ಮೂಲೆ, ಪೈಪು ಮತ್ತು ಕೇಬಲ್ ಗೋಡೆ ದಾಟುವ ಜಾಗ, ಕಾಂಕ್ರೀಟಿನ ಬಿರುಕು, ಇವುಗಳಿಗೆ ಪಿಯು ಗ್ರೌಟಿಂಗ್ (ಪಾಲಿಯುರೆಥೇನ್ ಎಂಬ ರಾಳವನ್ನು ಒತ್ತಡದಿಂದ ಒಳಗೆ ತುಂಬಿ ಸೋರಿಕೆ ಮುಚ್ಚುವುದು) ಮಾಡುವುದನ್ನೂ, ಬಳಸುವ ಸಾಮಗ್ರಿ ಯಾವುದು, ಎಷ್ಟು ಚದರಡಿ ಎಂಬುದನ್ನೂ ಲಿಖಿತವಾಗಿ ಕೊಡುವವರನ್ನೇ ಪರಿಗಣಿಸುವುದು ಒಳಿತು.

ಚರಂಡಿಯದು ಬೇರೆಯೇ ಪ್ರಶ್ನೆ. ಮಳೆನೀರನ್ನು ಒಳಚರಂಡಿಯ ಮ್ಯಾನ್‌ಹೋಲಿಗೆ ಬಿಟ್ಟುಬಿಡೋಣ ಎಂಬ ಸಲಹೆಗೆ ಜಲಮಂಡಳಿಯ ನಿಯಮ ಒಪ್ಪುವುದಿಲ್ಲ. ಜೋರು ಮಳೆ ಬಂದರೆ ಆ ನೀರು ಕೊಳಚೆಯೊಡನೆ ನಮ್ಮಲ್ಲಿಗೇ ಹಿಂದಿರುಗೀತು. ರ‍್ಯಾಂಪಿನ ಬುಡದಲ್ಲಿ ಜಾಲರಿ ಮುಚ್ಚಿದ ಕಾಲುವೆ, ಅಲ್ಲಿಂದ ಸಂಪು, ನೀರಿನ ಮಟ್ಟ ಏರಿದಾಗ ತಾನಾಗಿಯೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಉಳ್ಳ ಎರಡು ಪಂಪು, ಅವಕ್ಕೆ ಜನರೇಟರ್ ಸಂಪರ್ಕ, ಇಷ್ಟಂತೂ ಬೇಕೇ ಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳು ಮುಳುಗಿದಾಗ ಹಲವೆಡೆ ಕರೆಂಟೂ ಇರಲಿಲ್ಲ.

ಹಣವನ್ನು ಕಂತುಗಳಲ್ಲಿ ನೀಡಿ, ಶೇ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತನ್ನು ಒಪ್ಪದವರೊಂದಿಗೆ ಮಾತುಕತೆ ಬೇಡವೆಂಬುದು ಸಮಿತಿಯ ಅಭಿಪ್ರಾಯ. ಆಕ್ಷೇಪಗಳಿದ್ದಲ್ಲಿ ಶನಿವಾರ ಸಂಜೆಯೊಳಗೆ ಕಾರ್ಯದರ್ಶಿಯವರಿಗೆ ತಿಳಿಸಬೇಕಾಗಿ ಕೋರಿಕೆ.