ಕೇಳದ ಚೀಸ್, ಬೇಡದ ಕಾಂಬೋ: ನಿಮ್ಮ ಮೆನು ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಕಾರವಾರದ ನಿಮ್ಮ ಬರ್ಗರ್ ಅಂಗಡಿಯ ಮೆನು ಮತ್ತು ಬಿಲ್

ಮಾನ್ಯರೇ,

ಕಳೆದ ಭಾನುವಾರ ಸಂಜೆ ಟ್ಯಾಗೋರ್ ಬೀಚಿನಿಂದ ವಾಪಸ್ ಬರುವಾಗ ಮಗಳು ಹಟ ಹಿಡಿದಳು ಅಂತ ನಿಮ್ಮಲ್ಲಿಗೆ ಬಂದೆವು. ಆಯಿ, ಮಗಳು, ನಾನು. ಬೇಕಿದ್ದದ್ದು ಮೂರು ಬರ್ಗರ್ ಮಾತ್ರ. ಒಂದಕ್ಕೆ 149 ರೂಪಾಯಿ. ಶೇ. 5 ಜಿಎಸ್‌ಟಿ ಸೇರಿ 470ರ ಒಳಗೆ ಮುಗಿಯಬೇಕಿತ್ತು. ನಾನು ಕೊಟ್ಟಿದ್ದು 973.

ಆರ್ಡರ್ ಮಾಡುವ ಸ್ಕ್ರೀನ್ ಮೇಲೆ ಮೊದಲು ಕಾಣುವುದೆಲ್ಲ ಕಾಂಬೋ, ಅಂದರೆ ಬರ್ಗರ್, ಆಲೂಗಡ್ಡೆ ಫ್ರೈಸ್, ಕೂಲ್‌ಡ್ರಿಂಕ್ ಮೂರೂ ಸೇರಿದ್ದು. ದೊಡ್ಡ ಫೋಟೋ, 279 ರೂಪಾಯಿ, ಪಕ್ಕದಲ್ಲಿ ‘79 ರೂಪಾಯಿ ಉಳಿತಾಯ’. ಬರೀ ಬರ್ಗರ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹಿಂದೆ ಸಾಲು ಬೆಳೆದಿತ್ತು. ಗಡಿಬಿಡಿಯಲ್ಲಿ ಮೂರು ಕಾಂಬೋ ಒತ್ತಿಬಿಟ್ಟೆ. ಮನೆಗೆ ಬಂದು ಬಿಲ್ ನೋಡಿದರೆ ಪ್ರತಿ ಬರ್ಗರಿಗೂ 30 ರೂಪಾಯಿಯ ಚೀಸ್! ಮರುದಿನ ಮತ್ತೆ ಹೋಗಿ ನೋಡಿದೆ. ಚೀಸ್ ಮುಂದೆ ಟಿಕ್ ಮೊದಲೇ ಬಿದ್ದಿರುತ್ತದೆ. ಬೇಡವಾದರೆ ನಾವೇ ತೆಗೆಯಬೇಕು.

ಕೂಲ್‌ಡ್ರಿಂಕ್ ರೇಟು ನೋಡಿ. ಸಣ್ಣದು 70, ಮಧ್ಯಮ 110, ದೊಡ್ಡದು 120. ಹತ್ತು ರೂಪಾಯಿ ತಾನೇ ಅಂತ ನಾವು ದೊಡ್ಡದನ್ನೇ ತಗೊಳ್ಳಲಿ ಅಂತಲೇ ಮಧ್ಯಮದ ರೇಟು ಹೀಗಿಟ್ಟಿದ್ದೀರಿ. ಸಿರಪ್, ಸೋಡಾ, ಐಸ್. ಲೋಟ ದೊಡ್ಡದಾದರೆ ನಿಮಗೆ ಎಷ್ಟು ಖರ್ಚು ಜಾಸ್ತಿ ಬೀಳುತ್ತದೆ? ಕಾಂಬೋದಲ್ಲಿ ಹೆಚ್ಚು ಲಾಭ ಬರುವುದು ಈ ಲೋಟದಿಂದ ಮತ್ತು ಆಲೂಗಡ್ಡೆಯಿಂದ ಅಲ್ವಾ?

ಆಯಿ ತಂಪು ಕುಡಿಯುವುದೇ ಇಲ್ಲ. ಅವಳ ಲೋಟದ ಐಸ್ ಕರಗಿ ಮೇಜೆಲ್ಲ ಒದ್ದೆಯಾಯಿತು. ಉಳಿದ ಫ್ರೈಸ್ ಎಸೆಯಲು ಮನಸ್ಸಾಗದೆ ಟಿಶ್ಯೂನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ದುಡ್ಡು ಹೋದದ್ದಕ್ಕಿಂತ ಅದನ್ನು ನೋಡಿ ನನಗೆ ಜಾಸ್ತಿ ಬೇಜಾರಾಯಿತು.

ನಮ್ಮೂರಿನ ಸಣ್ಣ ಹೋಟೆಲಿನಲ್ಲಿ ಬನ್ಸ್ ಇಷ್ಟು, ಚಹಾ ಇಷ್ಟು ಅಂತ ಗೋಡೆ ಮೇಲೆ ಬರೆದಿರುತ್ತಾರೆ. ಚಹಾ ಬೇಡವಾದರೆ ಬರೀ ಬನ್ಸ್ ತಿಂದು ಬರಬಹುದು. ನಿಮ್ಮಲ್ಲೂ ಹಾಗೇ ಇರಲಿ. ಬಿಡಿ ಬರ್ಗರಿನ ರೇಟು ಕಾಂಬೋದಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಸ್ಕ್ರೀನಿನಲ್ಲಿ ಕಾಣಬೇಕು. ಟಿಕ್ ತೆಗೆಯಿರಿ. ಗ್ರಾಹಕರನ್ನು ಕೇಳದೆ ಬಿಲ್ಲಿಗೆ ವಸ್ತು ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ಡಾರ್ಕ್ ಪ್ಯಾಟರ್ನ್ (ಸ್ಕ್ರೀನಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ ತಪ್ಪು ಎಂದಿದೆ.

ಕೌಂಟರಿನ ಹುಡುಗನ ಮೇಲೆ ನನ್ನ ದೂರಿಲ್ಲ. ದಯವಿಟ್ಟು ಅವನನ್ನು ಬೈಯಬೇಡಿ, ಸ್ಕ್ರೀನ್ ಮಾಡಿದ್ದು ಅವನಲ್ಲ.

ಚೀಸಿನ 90 ರೂಪಾಯಿ, ಅದರ ಟ್ಯಾಕ್ಸ್ ಸಮೇತ ವಾಪಸ್ ಕೊಡಿ. ಬಿಲ್ಲಿನ ಪ್ರತಿ ಇದರ ಜೊತೆಗಿದೆ. 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡುತ್ತೇನೆ.

ಇಂತಿ,
ಕಾರವಾರದ ಒಬ್ಬ ಗ್ರಾಹಕಿ