ಭಾಷಣ ಬೇಡ, ಕೆಲಸ ಕೊಡು

ದಾವಣಗೆರೆ

ಪ್ರೀತಿಯ ಪುಟ್ಟಿ,

ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಶುರು ಮಾಡಿದರೆ ನೀನು ‘ಹ್ಞೂಂ, ಹ್ಞೂಂ’ ಅನ್ನುತ್ತಾ ಪಾತ್ರೆ ತೊಳೆಯುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದು.

ತಾಲ್ಲೂಕು ಮಟ್ಟದಲ್ಲಿ ಖೋ ಖೋ ಸೋತ ಮೇಲೆ ನಿನ್ನ ಶಾಲೆಯ ಹುಡುಗಿಯರು ಸರಿಯಾಗಿ ಮೈದಾನಕ್ಕೇ ಬರುತ್ತಿಲ್ಲ, ಬಂದವರೂ ಮುಖ ಇಳಿಬಿಟ್ಟುಕೊಂಡಿರುತ್ತಾರೆ, ಏನು ಹೇಳಿದರೆ ಹುರುಪು ಬರುತ್ತದೆ ಅಂತ ಕೇಳಿದೆಯಲ್ಲ. ಏನು ಹೇಳಿದರೂ ಬರುವುದಿಲ್ಲ ಕಣೇ. ಮಾತಿನಿಂದ ಬಂದ ಹುರುಪು ಮೈದಾನ ಎರಡು ಸುತ್ತು ಓಡುವಷ್ಟರಲ್ಲಿ ಇಳಿದುಹೋಗುತ್ತದೆ. ನೀನು ಮೊಬೈಲಿನಲ್ಲಿ ನೋಡುವ ಆ ದೊಡ್ಡ ದೊಡ್ಡ ಕೋಚುಗಳ ಭಾಷಣಗಳೆಲ್ಲ ಸಂಬಳ ತಗೊಂಡು ಆಡುವವರಿಗೆ ಸರಿ. ನಿನ್ನ ಮುಂದಿರುವುದು ಜಗಳೂರು ಸೀಮೆಯ ಒಂಬತ್ತನೇ ಕ್ಲಾಸಿನ ಮಕ್ಕಳು. ಭಾನುವಾರ ಬಂದರೆ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವವರು.

ಮೊದಲು, ಬಾರದವರು ಯಾಕೆ ಬರುತ್ತಿಲ್ಲ ಅಂತ ವಿಚಾರಿಸು. ಆಸಕ್ತಿ ಇಲ್ಲ ಅಂತ ನೀನೇ ತೀರ್ಮಾನ ಮಾಡಬೇಡ. ಅವರ ಹಳ್ಳಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ? ಮನೆಯಲ್ಲಿ ಬೈಯುತ್ತಾರಾ? ಮುಟ್ಟಿನ ದಿನ ಬಿಳಿ ಪ್ಯಾಂಟ್ ಹಾಕಿಕೊಂಡು ಓಡಲು ಮುಜುಗರವಾ? ಕಡು ಬಣ್ಣದ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬನ್ನಿ ಅಂದರೆ ಎಷ್ಟೋ ಮಕ್ಕಳು ಅಷ್ಟಕ್ಕೇ ಬರುತ್ತಾರೆ. ಇದನ್ನೆಲ್ಲ ಅವರು ಮೇಷ್ಟ್ರ ಹತ್ತಿರ ಹೇಳಿಕೊಳ್ಳುವುದಿಲ್ಲ, ನಿನ್ನ ಹತ್ತಿರ ಹೇಳುತ್ತಾರೆ. ಇನ್ನು ಹೊಟ್ಟೆ. ಮಧ್ಯಾಹ್ನ ಶಾಲೆಯಲ್ಲಿ ಉಂಡಿದ್ದು ಬಿಟ್ಟರೆ ಸಂಜೆ ತನಕ ಏನೂ ಇರುವುದಿಲ್ಲ. ಓಡಿಸುವ ಮುಂಚೆ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ ಕೊಡು. ಹಸಿದ ಮಗುವಿಗೆ ‘ಛಲ ಬೇಕು’ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟಾದ ಮೇಲೆ ಆಟದ ಮಾತು. ಬೆನ್ನಟ್ಟುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ತಿರುಗುವ ಹಾಗಿಲ್ಲ, ಕೂತವರ ನಡುವೆ ನುಗ್ಗುವ ಹಾಗಿಲ್ಲ. ಓಡುವವಳಿಗೆ ಎರಡಕ್ಕೂ ಅವಕಾಶ ಇದೆ. ಹಾಗಾಗಿ ಎಷ್ಟೇ ಜೋರಾಗಿ ಓಡಿದರೂ ಒಬ್ಬಳೇ ಹಿಡಿಯುವುದು ಕಷ್ಟ. ಆಚೆ ಕಡೆ ಮುಖ ಮಾಡಿ ಕೂತವಳಿಗೆ ಖೋ ಕೊಡಲೇಬೇಕು. ಆದರೂ ಜನ ಚಪ್ಪಾಳೆ ತಟ್ಟುವುದು ಕೊನೆಗೆ ಮುಟ್ಟಿದವಳಿಗೆ. ಉಳಿದ ಎಂಟು ಮಂದಿ ಸುಮ್ನೆ ಕೂತಿದ್ದಾರೆ ಅಂತಲೇ ಎಲ್ಲರ ಲೆಕ್ಕ. ಸೋತಾಗ ಬೇಗ ಮಂಕಾಗುವವರೂ ಅವರೇ. ಗೆದ್ದಾಗಲೂ ಅವರನ್ನು ಯಾರೂ ನೋಡಿರುವುದಿಲ್ಲ.

ನೀನು ಅವರನ್ನು ನೋಡು. ಕೂತವಳ ಕಾಲು ಗಮನಿಸು. ಹಿಮ್ಮಡಿ ಎತ್ತಿ, ಬೆರಳ ತುದಿ ನೆಲಕ್ಕೆ ಊರಿ, ಕಿವಿ ಬೆನ್ನ ಹಿಂದೆ ಇಟ್ಟುಕೊಂಡು ಕೂತಿದ್ದಾಳಾ, ಅಥವಾ ಪೂರ್ತಿ ಪಾದ ಊರಿ ಆರಾಮಾಗಿ ಕೂತಿದ್ದಾಳಾ? ಮೊದಲನೆಯವಳು ಬೆನ್ನಿಗೆ ಕೈ ಬಿದ್ದು ಖೋ ಅಂದ ತಕ್ಷಣ ಚಿಮ್ಮುತ್ತಾಳೆ. ಎರಡನೆಯವಳು ಎದ್ದು ನಿಲ್ಲುವಷ್ಟರಲ್ಲಿ ಓಡುವವಳು ಕಂಬ ದಾಟಿರುತ್ತಾಳೆ. ಕೈ ಬೀಳುವ ಮುಂಚೆಯೇ ಎದ್ದರೆ ಫೌಲ್. ಆತುರ ತಡೆದುಕೊಂಡು ಸರಿಯಾದ ಹೊತ್ತಿಗೆ ಎದ್ದವಳ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳು. ಮುಟ್ಟಿದವಳನ್ನು ಊರೇ ಹೊಗಳುತ್ತದೆ, ಆ ಕೆಲಸ ನಿನಗೆ ಬೇಕಿಲ್ಲ.

ನಿಧಾನಕ್ಕೆ ಓಡುವವರನ್ನು ಕಂಬದ ಪಕ್ಕ ಕೂರಿಸಿ ನೋಡು. ನಾನು ಕಲಿಸುತ್ತಿದ್ದ ತಂಡದಲ್ಲಿ ದಪ್ಪಗಿದ್ದ ಒಬ್ಬ ಹುಡುಗಿ ಇದ್ದಳು. ಓಟದಲ್ಲಿ ಎಲ್ಲರಿಗಿಂತ ಹಿಂದೆ. ಉಳಿದವರು ನಗುತ್ತಿದ್ದರು. ಆದರೆ ಕೈ ಉದ್ದ, ಬೀಳಲು ಹೆದರಿಕೆ ಇಲ್ಲ. ಸಂಜೆ ಸಂಜೆ ಅವಳಿಗೆ ಪೋಲ್ ಡೈವ್ ಒಂದನ್ನೇ ಮಾಡಿಸಿದೆ. ಎಡಗೈಯಲ್ಲಿ ಕಂಬ ಹಿಡಿದು ಬಲಗಡೆಗೆ ಮೈ ಚೆಲ್ಲುವುದು. ಮೊಣಕೈ ಸಿಪ್ಪೆ ಕಿತ್ತು ಹೋಗುತ್ತಿತ್ತು, ಅರಿಶಿನ ಹಚ್ಚಿಕೊಂಡು ಮತ್ತೆ ಬರುತ್ತಿದ್ದಳು. ಆಮೇಲೆ ಎದುರಾಳಿಗಳು ಆ ಕಂಬದ ಹತ್ತಿರ ಸುಳಿಯಲೂ ಹಿಂದೆಮುಂದೆ ನೋಡತೊಡಗಿದರು. ಅವಳನ್ನು ಹುರಿದುಂಬಿಸಲು ನಾನು ಒಂದು ಮಾತೂ ಖರ್ಚು ಮಾಡಿದವಳಲ್ಲ. ತಂಡದಲ್ಲಿ ತನ್ನಿಂದಲೇ ಆಗಬೇಕಾದ ಕೆಲಸ ಒಂದಿದೆ ಅಂತ ಅವಳಿಗೆ ಗೊತ್ತಿತ್ತು.

ಆಡದೆ ಹೊರಗೆ ಕೂರುವ ಹುಡುಗಿಯರಿಗೂ ಕೆಲಸ ಕೊಡು. ಎದುರಾಳಿಗಳು ಮೂವರು ಮೂವರಾಗಿ ಒಳಗೆ ಬರುತ್ತಾರಲ್ಲ, ಒಬ್ಬೊಬ್ಬರಿಗೆ ಒಬ್ಬ ಓಟಗಾರ್ತಿಯನ್ನು ವಹಿಸು. ಆ ಓಟಗಾರ್ತಿ ಕೂತವರನ್ನು ಒಬ್ಬೊಬ್ಬರಾಗಿ ಅಂಕುಡೊಂಕಾಗಿ ದಾಟುತ್ತಾ ಸಿಂಗಲ್ ಚೈನ್ ಓಡುತ್ತಾಳಾ, ಕೂತವರ ಸುತ್ತ ದುಂಡಗೆ ಓಡಿ ರಿಂಗ್ ಹಾಕುತ್ತಾಳಾ, ಯಾವ ಕಡೆಗೆ ಜಾಸ್ತಿ ತಿರುಗುತ್ತಾಳೆ, ಸುಸ್ತಾದಾಗ ಏನು ಮಾಡುತ್ತಾಳೆ, ಇಷ್ಟು ಬರೆದುಕೊಳ್ಳಲಿ. ಬಿಡುವಿನಲ್ಲಿ ನೀನು ಬಾಯಿ ಮುಚ್ಚಿಕೊಂಡು ಅವರಿಗೆ ಮಾತಾಡಲು ಬಿಡು. ಕ್ಯಾಪ್ಟನ್ ಅವರ ಮಾತು ಕೇಳಲಿ.

ಬೈಯುವ ವಿಷಯ. ನಿನಗೆ ನಿನ್ನ ಅಪ್ಪನ ಕೋಪ ಬಂದಿದೆ, ಅದಕ್ಕೇ ಹೇಳುತ್ತಿದ್ದೇನೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಮಿತ್, ಸ್ಮೋಲ್ ಅಂತ ಇಬ್ಬರು ಪ್ರೊಫೆಸರುಗಳಿದ್ದರು. ಮಕ್ಕಳ ಬೇಸ್‌ಬಾಲ್ ಕೋಚುಗಳಿಗೆ ಒಂದು ಚಿಕ್ಕ ತರಬೇತಿ ಕೊಟ್ಟರು. ಶ್ರಮ ಹಾಕಿದ್ದನ್ನು ಕಂಡು ಹೊಗಳಿ, ತಪ್ಪಾದಾಗ ಧೈರ್ಯ ಹೇಳಿ ಸರಿಯಾದ್ದನ್ನು ತೋರಿಸಿ, ಅಷ್ಟೇ ಪಾಠ. 1992ರಲ್ಲಿ ಬಂದ ಅವರ ಅಧ್ಯಯನದಲ್ಲಿ ತರಬೇತಿ ಇಲ್ಲದ ಕೋಚುಗಳ ಹತ್ತಿರ ಆಡಿದ ಮಕ್ಕಳಲ್ಲಿ ನೂರಕ್ಕೆ 26 ಮಂದಿ ಮುಂದಿನ ವರ್ಷ ಆಟಕ್ಕೆ ವಾಪಸ್ ಬರಲಿಲ್ಲ. ತರಬೇತಿ ಪಡೆದವರ ಹತ್ತಿರ ಹಾಗೆ ಬಿಟ್ಟವರು 5 ಮಂದಿ ಮಾತ್ರ. ಸೋಲು ಗೆಲುವಿನಲ್ಲಿ ಎರಡೂ ಕಡೆ ಅಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಮಕ್ಕಳು ಬಿಟ್ಟು ಹೋಗುವುದು ಸೋತಿದ್ದಕ್ಕಲ್ಲ, ಅಲ್ವಾ? ಫೌಲ್ ಮಾಡಿದವಳು ತಿರುಗಿ ಮೊದಲು ನೋಡುವುದು ನಿನ್ನ ಮುಖವನ್ನೇ. ಆ ಹೊತ್ತಿಗೆ ತಲೆ ಚಚ್ಚಿಕೊಳ್ಳಬೇಡ.

ನಮ್ಮೂರ ವಿನಯ್ ಕುಮಾರ್ ಕಥೆ ನಿನಗೆ ಗೊತ್ತೇ ಇದೆ. 2013ರ ನವೆಂಬರ್ 2, ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಮೇಲೆ ಮ್ಯಾಚ್. ರೋಹಿತ್ ಶರ್ಮಾ 209 ಹೊಡೆದ ದಿನವೇ ವಿನಯ್ 9 ಓವರಿಗೆ 102 ರನ್ ಕೊಟ್ಟರು. ಜನ ಆಡಿಕೊಂಡಿದ್ದು ಸ್ವಲ್ಪವಲ್ಲ. ಆದರೆ ಕರ್ನಾಟಕ ತಂಡದ ನಾಯಕತ್ವ ಅವರ ಕೈಯಲ್ಲೇ ಇತ್ತು. ಅದೇ ಸೀಸನ್‌ನಲ್ಲಿ ಕರ್ನಾಟಕ 15 ವರ್ಷದ ಮೇಲೆ ರಣಜಿ ಟ್ರೋಫಿ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಸೋತ ದಿನದ ಮಾರನೇ ದಿನವೂ ಮಾಡಲು ಕೆಲಸ ಇರಬೇಕು ಅಂತ ನಾನು ಹೇಳುವುದು ಇದನ್ನೇ. ತಾಲ್ಲೂಕು ಮಟ್ಟದಲ್ಲಿ ಕೊನೆಗೆ ಔಟಾದ ಆ ಹುಡುಗಿ, ನೀನು ಫೋನಿನಲ್ಲಿ ಹೇಳಿದವಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಓಟ ಕಲಿಸಲಿ. ಸೋಮವಾರದಿಂದಲೇ ಶುರುವಾಗಲಿ.

ಸ್ಮಾರ್ಟ್ ಕ್ಲಾಸಿನ ಟಿವಿ ನಡೆಯುತ್ತಿದ್ದರೆ ಖೋ ಖೋ ವಿಶ್ವಕಪ್ ಫೈನಲ್ ಹಾಕಿ ತೋರಿಸು. 2025ರ ಜನವರಿ 19, ದೆಹಲಿಯಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78–40ರಲ್ಲಿ ಸೋಲಿಸಿದ್ದು. ಪಂದ್ಯದ ಉತ್ತಮ ಆಟಗಾರ್ತಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಅಲ್ಲಿನ ನಿಯಮ ಸ್ವಲ್ಪ ಬೇರೆ, ಮೊದಲೇ ಹೇಳಿರು. ‘ನೀವೂ ಹೀಗಾಗಬೇಕು’ ಅಂತ ಮಾತ್ರ ಅನ್ನಬೇಡ, ಮಕ್ಕಳಿಗೆ ಆ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಕೂತವರ ಕಾಲು ನೋಡಿ ಅನ್ನು.

ದಸರಾ ರಜೆಗೆ ಬರುವಾಗ ಹುಡುಗಿಯರ ಪಟ್ಟಿ ತಗೊಂಡು ಬಾ. ಯಾರು ಎಲ್ಲಿ ಕೂರಬೇಕು ಅಂತ ಇಬ್ಬರೂ ಕೂತು ಬರೆಯೋಣ. ನಿನ್ನ ಅಪ್ಪ ಒಂದು ಚೀಲ ಮಂಡಕ್ಕಿ, ಐದು ಕೆಜಿ ಶೇಂಗಾ ಕಟ್ಟಿಟ್ಟಿದ್ದಾರೆ, ಶನಿವಾರದ ಜಗಳೂರು ಬಸ್ಸಿಗೆ ಹಾಕುತ್ತಾರಂತೆ. ಬಸ್‌ಸ್ಟ್ಯಾಂಡಿಗೆ ನೀನೇ ಬಾ, ಮಕ್ಕಳನ್ನು ಕಳಿಸಬೇಡ.

ನಿನ್ನ ಅಮ್ಮ